ಬೆಳ್ಳಿಯಲ್ಲ ಎಂದ ಓಬಳ

ಬಹಳ ಹಿಂದೆ, ಕಾರೇಬಂಡೆ ಎಂಬ ಒಂದೂರಿನಲ್ಲಿ, ಒಂದು ಸಂಜೆ ಬೆಳ್ಳಿ ಮೂಡಿತೆಂದು ಡಂಗುರ ಹೊಡೆದರು. ಊರಿಗೆ ಊರೇ ಹೊರಗೆ ಬಂತು. ಪಡುವಣದಲ್ಲಿ, ಸೂರ್ಯ ಇಳಿದ ಜಾಗದಿಂದ ಒಂದು ಮುಷ್ಟಿ ಮೇಲೆ, ಒಂದು ಬೆಳಕು ಇತ್ತು. ಎಲ್ಲರೂ ಕೈಮುಗಿದರು. ಕಲ್ಲುಕುಟಿಗ ಓಬಳ ಮುಗಿಯಲಿಲ್ಲ. ಅದು ಬೆಳ್ಳಿಯಲ್ಲ ಎಂದ.

ಹಾಗೆಂದವನಿಗೆ ಒಬ್ಬಳೇ ಮಗಳು. ಆ ಮಗಳ ಮದುವೆ ಬೆಳ್ಳಿ ಮೂಡುವುದನ್ನೇ ಕಾದು ನಿಂತಿತ್ತು.

ಬೆಳ್ಳಿ ಎಂದರೆ ಶುಕ್ರ. ಕೆಲವು ತಿಂಗಳು ಬೆಳಗಿನ ಜಾವ ಮೂಡಣದಲ್ಲಿ ಕಾಣುತ್ತದೆ. ಕೆಲವು ತಿಂಗಳು ಸಂಜೆ ಪಡುವಣದಲ್ಲಿ ಕಾಣುತ್ತದೆ. ನಡುವೆ ಸೂರ್ಯನ ಹತ್ತಿರ ಹೋಗಿ ಮರೆಯಾಗುತ್ತದೆ. ಆಗ ಬೆಳ್ಳಿ ಮುಳುಗಿದೆ ಎನ್ನುತ್ತಾರೆ. ಬೆಳ್ಳಿ ಮುಳುಗಿದಾಗ ಮದುವೆ ಇಲ್ಲ. ಚಪ್ಪರ ಹಾಕಿದ್ದರೂ ಇಲ್ಲ, ಅಕ್ಕಿ ನೆನೆಸಿದ್ದರೂ ಇಲ್ಲ. ಮತ್ತೆ ಮೂಡಬೇಕು. ಕಣ್ಣಿಗೆ ಕಾಣಬೇಕು. ಆಮೇಲೆ ತಾಳಿ.

ಯಾವ ದಿನ ಮೂಡುತ್ತದೆ ಎಂದು ಹೇಳಬೇಕಾದವರು ನರಸಿಂಗ ಜೋಯಿಸರು. ಅವರಿಗೆ ಲೆಕ್ಕ ಬರುತ್ತಿತ್ತು. ಆದರೆ ಆ ವರ್ಷ ಅವರ ತಾಳೆಗರಿಗಳನ್ನು ಗೆದ್ದಲು ತಿಂದಿತ್ತು. ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು. ಊರಿನ ಜನ ಬಂದು ಪಡುವಣದಲ್ಲಿ ಬೆಳಕು ಕಂಡಿತು ಎಂದರು. ಜೋಯಿಸರು ಹಾಗಾದರೆ ಮೂಡಿತು ಎಂದರು. ಡಂಗುರ ಹೊಡೆದದ್ದು ಹಾಗೆ.

ಓಬಳನ ಮಗಳ ಹೆಸರು ಮಾರೆಕ್ಕ. ಅವಳನ್ನು ಕೇಳಿ ಬಂದಿದ್ದವನು ಗಾಳೆಪ್ಪ, ಇನ್ನೊಂದು ಕಡೆಯ ಕಲ್ಲುಕುಟಿಗರ ಹುಡುಗ. ಅವನ ಅಪ್ಪ ಹುಲುಗಪ್ಪ ನಲವತ್ತು ಜನರ ತಂಡಕ್ಕೆ ಯಜಮಾನ. ತೆಂಕಲ ದೇಶದಲ್ಲಿ ಒಬ್ಬ ಪಾಳೆಯಗಾರ ಕೋಟೆ ಕಟ್ಟಿಸುತ್ತಿದ್ದ. ಮೂರು ವರ್ಷದ ಕೆಲಸ. ತಂಡ ಹೋಗುವ ದಾರಿಯಲ್ಲಿ ಕಾರೇಬಂಡೆಯ ಹೊರಗೆ ಬಿಡಾರ ಹಾಕಿತ್ತು. ಉಳಿ ಸುತ್ತಿಗೆ ಕಾಯಿಸಿ ತಟ್ಟಿಕೊಳ್ಳುತ್ತಾ ಬೆಳ್ಳಿಗಾಗಿ ಕಾಯುತ್ತಿತ್ತು. ಇನ್ನು ಹತ್ತು ದಿನಕ್ಕೆ ಹೊರಡಲೇಬೇಕು ಎಂದು ಹುಲುಗಪ್ಪ ಮೊದಲೇ ಹೇಳಿದ್ದ. ತಡವಾದರೆ ಕೆಲಸ ಬೇರೆ ತಂಡಕ್ಕೆ ಹೋಗುತ್ತದೆ. ಹತ್ತು ದಿನದೊಳಗೆ ಮದುವೆಯಾದರೆ ಹುಡುಗಿ ಜೊತೆಗೆ ಬರಲಿ. ಆಗದಿದ್ದರೆ ಅಲ್ಲಿಯೂ ಕಲ್ಲುಕುಟಿಗರಿದ್ದಾರೆ, ಅವರಿಗೂ ಹೆಣ್ಣುಮಕ್ಕಳಿದ್ದಾರೆ.

ಮಾರೆಕ್ಕನಿಗೆ ಗಾಳೆಪ್ಪ ಮೆಚ್ಚಿಗೆಯಾಗಿದ್ದ. ಕಲ್ಲು ಒಡೆಯುವ ಮೊದಲು ಅದರ ಮೇಲೆ ಓತಿಕ್ಯಾತ ಕೂತಿದ್ದರೆ ಅವನು ಎಬ್ಬಿಸಿ ಓಡಿಸುತ್ತಿದ್ದನಂತೆ. ಬೇರೆಯವರು ಹಾಗೆಯೇ ಹೊಡೆಯುತ್ತಿದ್ದರು. ಅವಳು ಅದನ್ನು ನೋಡಿದ್ದಳು.

ಆ ಸಂಜೆ ಡಂಗುರದ ಸದ್ದು ಕೇಳಿ ಅವಳು ಅಕ್ಕಿ ತೊಳೆಯಲು ಕೂತಳು. ಅಷ್ಟರಲ್ಲಿ ಅವಳಪ್ಪ ಚಾವಡಿಯ ಮುಂದೆ ನಿಂತು ಅದು ಬೆಳ್ಳಿಯಲ್ಲ ಎಂದುಬಿಟ್ಟಿದ್ದ.

ಊರಗೌಡ ಸಣ್ಣೀರಪ್ಪ ನಕ್ಕ. "ಓಬಳಾ, ನಿನಗೆ ಕಲ್ಲು ಗೊತ್ತು, ಒಪ್ಪಿದೆ. ಆಕಾಶ ಯಾವಾಗ ಗೊತ್ತಾಯ್ತೋ?"

"ಅದೂ ಕಲ್ಲೇ" ಎಂದ ಓಬಳ.

ಊರು ನಕ್ಕಿತು. ಹಾಗಾದರೆ ಇಳಿಸಿಕೊಂಡು ಬಾ, ನಮ್ಮ ಒರಳು ಸವೆದಿದೆ ಎಂದು ಒಬ್ಬಳು ಮುದುಕಿ ಹೇಳಿದಳು. ಓಬಳ ನಗಲಿಲ್ಲ. ಅವನು ಹೆಚ್ಚು ಮಾತಾಡುವವನಲ್ಲ. ಅದು ಬುಧ ಎಂದ. ಬೆಳ್ಳಿಗೆ ಇನ್ನೂ ಹತ್ತು ಹನ್ನೆರಡು ದಿನ ಇದೆ ಎಂದ. ಮನೆಗೆ ಹೋದ.

ಆಕಾಶದ ಬೆಳಕುಗಳನ್ನು ಅವನು ಕಲ್ಲು ಎಂದದ್ದು ಯಾಕೆ ಎಂದು ಬಹಳ ಜನ ಬಹಳ ಥರ ಹೇಳುತ್ತಾರೆ. ಆಕಾಶದಿಂದ ಒಂದು ಕಲ್ಲು ಅವನು ಬಂಡೆ ಒಡೆಯುವ ಕಣಿವೆಗೆ ಬಿದ್ದಿತ್ತು, ಅದನ್ನು ತಟ್ಟಿದಾಗ ಗಂಟೆಯ ಹಾಗೆ ಉಲಿಯಿತು ಎನ್ನುತ್ತಾರೆ. ಅವನ ಅಜ್ಜಿ ಕನಸಿನಲ್ಲಿ ಬಂದು ಹೇಳಿದಳು ಎನ್ನುತ್ತಾರೆ. ಇರಬಹುದು. ಆದರೆ ಅವನೇ ಹೇಳುತ್ತಿದ್ದ ಕಾರಣ ಬೇರೆ.

ಓಬಳನ ಕಲ್ಲುಕಣಿವೆ ಪಡುವಣಕ್ಕೆ ತೆರೆದುಕೊಂಡಿತ್ತು. ಸಂಜೆ ಕೆಲಸ ಬಿಟ್ಟ ಮೇಲೆ ಅವನು ಅಲ್ಲಿಯೇ ಕೂರುತ್ತಿದ್ದ. ಇಳಿಯುವ ಬಿಸಿಲು ಎದುರಿನ ಬಂಡೆಗೆ ತಾಗಿದಾಗ ಅದರಲ್ಲಿರುವ ಬಿಳಿಗಲ್ಲಿನ ಚೂರುಗಳು ಹೊಳೆಯುತ್ತಿದ್ದವು. ಸ್ಥಿರವಾಗಿ ಹೊಳೆಯುತ್ತಿದ್ದವು. ಅದೇ ಹೊತ್ತಿಗೆ ಊರಿನಲ್ಲಿ ದೀಪ ಹಚ್ಚುತ್ತಿದ್ದರು. ದೀಪಗಳು ಮಿಣುಕುತ್ತಿದ್ದವು. ಅವನು ಇದನ್ನೂ ನೋಡಿದ, ಅದನ್ನೂ ನೋಡಿದ. ಆಮೇಲೆ ತಲೆಯೆತ್ತಿ ಮೇಲೆ ನೋಡಿದ. ಚುಕ್ಕೆಗಳೆಲ್ಲ ಮಿಣುಕುತ್ತಿದ್ದವು. ಕೆಲವು ಮಿಣುಕುತ್ತಿರಲಿಲ್ಲ. ದೀಪ ಮಿಣುಕುತ್ತದೆ, ಬಿಸಿಲು ಬಿದ್ದ ಕಲ್ಲು ಮಿಣುಕುವುದಿಲ್ಲ. ಅವನಿಗೆ ಅಷ್ಟು ಸಾಕಾಯಿತು.

ಆಮೇಲೆ ಅವು ಎಂಥ ಕಲ್ಲು ಎಂದು ಅವನಿಗೆ ಕುತೂಹಲ ಹತ್ತಿತು. ಕಲ್ಲು ಕಂಡರೆ ಜಾತಿ ಕೇಳುವುದು ಕಲ್ಲುಕುಟಿಗನ ಚಾಳಿ. ಮಂಗಳ ಕಬ್ಬಿಣದ ಕಲ್ಲು, ನಮ್ಮ ಕೆಂಪುಗುಡ್ಡದ ಥರದ್ದು, ಅಲ್ಲಿ ಎಲ್ಲ ತುಕ್ಕು ಹಿಡಿದಿರಬೇಕು ಎನ್ನುತ್ತಿದ್ದ. ಬೆಳ್ಳಿಯ ಮೈ ಕಾಣುವುದಿಲ್ಲ, ಸುಣ್ಣ ಬಳಿದ ಗೋಡೆಯ ಹಾಗೆ ಬರೀ ಬಿಳಿ, ಒಳಗೆ ಏನಿದೆಯೋ ಎನ್ನುತ್ತಿದ್ದ. ಬುಧ ಬೆಂಕಿಯ ಬಾಯಲ್ಲಿರುವ ಕಲ್ಲು, ಒಲೆಗುಂಡಿನ ಹಾಗೆ ಸುಟ್ಟಿರಬೇಕು ಎನ್ನುತ್ತಿದ್ದ. ಗುರು, ಶನಿ ಏನು ಎಂದು ಯಾರೋ ಕೇಳಿದರಂತೆ. ಅವು ದೂರ, ನಿಧಾನ, ಅವುಗಳ ಮಾತು ನನಗೆ ಬೇಡ ಎಂದನಂತೆ.

ಅವನು ಬರೀ ನೋಡಿ ಬಿಡಲಿಲ್ಲ. ಕಣಿವೆಯ ಬದಿಯಲ್ಲಿ ಒಂದು ಹಾಸುಬಂಡೆ ಇತ್ತು. ಪ್ರತಿ ಸಂಜೆ ಕೈ ಚಾಚಿ ಹಿಡಿದು, ಮಿಣುಕದ ಬೆಳಕು ನೆಲದಿಂದ ಎಷ್ಟು ಬೆರಳು, ಎಷ್ಟು ಗೇಣು ಮೇಲಿದೆ ಎಂದು ಅಳೆಯುತ್ತಿದ್ದ. ಬಂಡೆಯ ಮೇಲೆ ಅಷ್ಟೇ ಎತ್ತರಕ್ಕೆ ಉಳಿಯಿಂದ ಒಂದು ಚುಕ್ಕೆ ಕುಟ್ಟುತ್ತಿದ್ದ. ಒಂದೊಂದು ಬೆಳಕಿಗೆ ದಿನಕ್ಕೊಂದು ಚುಕ್ಕೆ. ಮೋಡ ಇದ್ದ ದಿನ ಜಾಗ ಬಿಡುತ್ತಿದ್ದ. ಹದಿನೈದು ವರ್ಷ ಹೀಗೆ ಕುಟ್ಟಿದ. ಹೆಂಡತಿ ಸತ್ತ ದಿನದ ಜಾಗವೂ ಖಾಲಿ ಇತ್ತು ಎನ್ನುತ್ತಾರೆ. ಮೋಡ ಇರಲಿಲ್ಲವಂತೆ.

ಮಾರನೆಯ ದಿನ ಹುಲುಗಪ್ಪ ಓಬಳನ ಮನೆಗೆ ಬಂದ. ಬೀಗನಾಗುವವನು, ಸಿಟ್ಟು ಮಾಡಲಿಲ್ಲ. ನೀನು ಹೇಳಿದ್ದು ನಿಜವಾದರೂ ಇರಲಿ, ಊರು ಒಪ್ಪಿದೆ, ಜೋಯಿಸರು ಒಪ್ಪಿದ್ದಾರೆ, ನೀನು ಸುಮ್ಮನಿದ್ದುಬಿಡು ಎಂದ.

ಮದುವೆ ಮಾಡೋಣ, ನನ್ನದೇನೂ ತಕರಾರಿಲ್ಲ ಎಂದ ಓಬಳ. ಬೆಳ್ಳಿ ಮೂಡದಿದ್ದರೆ ಏನಂತೆ, ಅಲ್ಲಿರುವ ಒಂದು ಕಲ್ಲಿಗೂ ಇಲ್ಲಿ ಕಟ್ಟುವ ತಾಳಿಗೂ ಏನು ಎಂದ. ಆದರೆ ಬುಧನನ್ನು ತೋರಿಸಿ ಬೆಳ್ಳಿ ಎನ್ನಲಾರೆ ಎಂದ.

ಹುಲುಗಪ್ಪ ತಲೆಗೆ ಕೈ ಹಚ್ಚಿದ. "ಬೆಳ್ಳಿ ಇಲ್ಲದೆ ಮದುವೆ ಮಾಡಿದ್ರೆ ನನ್ನ ತಂಡದಾಗೆ ಒಬ್ಬನೂ ಊಟಕ್ಕೆ ಕೂರಂಗಿಲ್ಲ ಮಾರಾಯ. ಬೆಳ್ಳಿ ಅಂತ ನೀನೊಬ್ಬ ಅಂದ್ರೆ ಎಲ್ಲ ಸರಿಹೋಗ್ತತಿ. ಒಂದು ಮಾತು."

ಓಬಳ ಆ ಒಂದು ಮಾತು ಹೇಳಲಿಲ್ಲ.

ಮೂರನೆಯ ದಿನ ಗೌಡ, ಜೋಯಿಸರನ್ನು ಕರೆದುಕೊಂಡು ಕಣಿವೆಗೆ ಹೋದ. ಓಬಳನ ಹುಚ್ಚು ಬಿಡಿಸಬೇಕು, ಮದುವೆ ಸುಗಮವಾಗಬೇಕು ಎಂಬುದೇ ಅವನ ಮನಸ್ಸಿನಲ್ಲಿ ಇದ್ದದ್ದು. ಅರ್ಧ ಊರು ಹಿಂದೆ ಹೋಯಿತು. ಮಾರೆಕ್ಕನೂ ಹೋದಳು.

ಓಬಳ ಹಾಸುಬಂಡೆ ತೋರಿಸಿದ. ಜನರಿಗೆ ಚುಕ್ಕೆಗಳು ಕಂಡವು, ಏನೂ ಅರ್ಥವಾಗಲಿಲ್ಲ. ಸಿಡುಬು ಬಂದ ಬಂಡೆ ಎಂದು ಒಬ್ಬ ಹೇಳಿದ. ಜೋಯಿಸರಿಗೆ ಕಣ್ಣು ಕಾಣದು. ಅವರು ಬಂಡೆಯ ಮೇಲೆ ಮಂಡಿಯೂರಿ ಕೂತರು. ಕೈಬೆರಳಿನಿಂದ ಚುಕ್ಕೆಗಳನ್ನು ಮುಟ್ಟುತ್ತಾ ಹೋದರು.

ಮೊದಲು ಒಂದು ದೊಡ್ಡ ಏರು ಸಿಕ್ಕಿತು. ಚುಕ್ಕೆಗಳು ನಿಧಾನವಾಗಿ ಏರಿ, ಎರಡು ಗೇಣಿನ ಮೇಲೆ ಹೋಗಿ, ಅಲ್ಲಿ ಬಹಳ ದಿನ ನಿಂತು, ಆಮೇಲೆ ದಬಕ್ಕನೆ ಇಳಿದಿದ್ದವು. ಇದು ಶುಕ್ರ ಎಂದರು ಜೋಯಿಸರು. ಹೌದು, ಎಮ್ಮೆ ಗುಡ್ಡ ಹತ್ತಿದ ಹಾಗೆ ಹತ್ತುತ್ತದೆ ಎಂದ ಓಬಳ.

ಅದರ ಕೆಳಗೆ ಸಣ್ಣ ಸಣ್ಣ ಏರುಗಳು ಸಿಕ್ಕಿದವು. ಒಂದು ಗೇಣೂ ಏರಿರಲಿಲ್ಲ. ಬೇಗ ಏರಿ ಬೇಗ ಇಳಿದಿದ್ದವು. ಒಡೆದ ಬಳೆಗಳನ್ನು ಸಾಲಾಗಿ ಇಟ್ಟ ಹಾಗಿದ್ದವು. ಜೋಯಿಸರ ಬೆರಳು ಅಲ್ಲಿ ನಿಂತಿತು. ಒಂದು ವರ್ಷಕ್ಕೆ ಎಷ್ಟು ಬಳೆ ಎಂದು ಎಣಿಸಿದರು. ಮೂರು. ಮುಂದಿನ ವರ್ಷ ಎಣಿಸಿದರು. ಮೂರು. ಅದರ ಮುಂದಿನದನ್ನೂ ಎಣಿಸಿದರು.

ಹೀಗೆ ಎಣಿಸುತ್ತಲೇ ಹೋದರಂತೆ. ಊರಿನವರಿಗೆ ಬೇಸರ ಬಂದು ಕೆಲವರು ಹೊರಟೂ ಹೋದರಂತೆ. ಕೊನೆಗೆ ಜೋಯಿಸರು ಹೇಳಿದರು. "ಐವತ್ತು ವರ್ಷ ಬುಧನ ಲೆಕ್ಕ ಹಾಕಿದೆ ಕಣೋ. ಕಣ್ಣಿದ್ದಾಗ ಒಂದು ದಿನ ಹೊರಗೆ ಬಂದು ನೋಡಲಿಲ್ಲ. ಅದು ಹೀಗಿದೆಯಾ?"

ಹೀಗಿದೆ ಎಂದ ಓಬಳ.

ಮೊನ್ನೆಯ ಬೆಳಕಿನ ಚುಕ್ಕೆ ಎಲ್ಲಿದೆ ಎಂದು ಜೋಯಿಸರು ಕೇಳಿದರು. ಓಬಳ ಅವರ ಬೆರಳು ಹಿಡಿದು ಅಲ್ಲಿಗೆ ಇಟ್ಟ. ಅದು ಒಂದೇ ಚುಕ್ಕೆಯಾಗಿರಲಿಲ್ಲ. ಊರು ನೋಡುವುದಕ್ಕೆ ನಾಲ್ಕು ದಿನ ಮೊದಲೇ ಅವನು ಅದನ್ನು ಕಂಡಿದ್ದ. ಚುಕ್ಕೆಗಳು ಆಡು ಹಾರಿದ ಹಾಗೆ ಮೇಲಕ್ಕೆ ಹೋಗಿದ್ದವು. ಶುಕ್ರ ಹೀಗೆ ಹಾರುವುದಿಲ್ಲ. ಮೂಡಿದ ಮೊದಲ ವಾರ ನೆಲಕ್ಕೆ ಅಂಟಿಕೊಂಡೇ ಇರುತ್ತದೆ.

ಜೋಯಿಸರು ಎದ್ದು ಪಂಚೆ ಕೊಡವಿಕೊಂಡರು. ಗೌಡನ ಕಡೆ ತಿರುಗಿ, ಡಂಗುರ ವಾಪಸ್ ಹೊಡೆಸು, ಮೂಡಿರುವುದು ಶುಕ್ರನಲ್ಲ ಎಂದರು. ಆಮೇಲೆ ಓಬಳನಿಗೆ ಹೇಳಿದರು. "ನೀನು ಹೇಳಿದ್ದು ನಿಜ. ನಿನ್ನ ಮಗಳ ಮದುವೆ ಮುರಿದವನೂ ನೀನೇ."

ಮಾರೆಕ್ಕ ಅಲ್ಲಿಯೇ ನಿಂತಿದ್ದಳು. ಅಪ್ಪನನ್ನು ನೋಡಲಿಲ್ಲ. ಬಂಡೆಯನ್ನು ನೋಡಿದಳು. ಮನೆಗೆ ಹೋಗಿ ನೆನೆಸಿದ್ದ ಅಕ್ಕಿ ಬಸಿದು ಬಿಸಿಲಿಗೆ ಹರವಿದಳು.

ನಾಲ್ಕನೆಯ ದಿನ ಡಂಗುರ ಹೊಡೆದರು. ಬೆಳ್ಳಿ ಮೂಡಿಲ್ಲ ಎಂದು ಡಂಗುರ ಹೊಡೆದದ್ದು ಆ ಊರಿನಲ್ಲಿ ಅದೊಂದೇ ಸಲ. ಮದುವೆ ಇಟ್ಟುಕೊಂಡಿದ್ದ ಬೇರೆ ಮನೆಯವರು ಓಬಳನನ್ನು ಬೈದರು. ಆದರೆ ಅವರು ಕಾಯಬಹುದಿತ್ತು. ಅವರ ವರರು ಎಲ್ಲಿಗೂ ಹೋಗುವವರಲ್ಲ.

ಹತ್ತನೆಯ ದಿನ ಬೆಳಗ್ಗೆ ಹುಲುಗಪ್ಪನ ತಂಡ ಹೊರಟಿತು. ಕತ್ತೆಗಳ ಮೇಲೆ ಹೇರು, ಹೇರಿನ ಮೇಲೆ ಮಕ್ಕಳು. ಗಾಳೆಪ್ಪ ಕೊನೆಯ ಕತ್ತೆಯ ಹಿಂದೆ ಹೋದ. ಓಬಳನ ಮನೆಯ ಮುಂದೆ ಬಂದಾಗ ಕತ್ತೆ ನಿಂತಿತು ಎನ್ನುತ್ತಾರೆ. ಅವನೇ ನಿಲ್ಲಿಸಿದ ಎಂದೂ ಹೇಳುತ್ತಾರೆ. ಮಾರೆಕ್ಕ ಹೊರಗೆ ಬರಲಿಲ್ಲ. ಕತ್ತೆ ಮತ್ತೆ ನಡೆಯಿತು.

ಹತ್ತು ದಿನದಿಂದ ಅವಳು ಅಪ್ಪನ ಜೊತೆ ಮಾತಾಡಿರಲಿಲ್ಲ. ಮುದ್ದೆ ಮಾಡಿ ಇಡುತ್ತಿದ್ದಳು. ಅವನು ಉಣ್ಣುತ್ತಿದ್ದ. ಸಂಜೆ ಕಣಿವೆಗೆ ಹೋಗಿ ಚುಕ್ಕೆ ಕುಟ್ಟುತ್ತಿದ್ದ. ಟಕ್ ಟಕ್ ಸದ್ದು ಮನೆಯವರೆಗೂ ಕೇಳುತ್ತಿತ್ತು. ಬುಧ ಏರುವುದು ನಿಂತಿತ್ತು. ದಿನ ದಿನಕ್ಕೆ ಇಳಿಯುತ್ತಿತ್ತು. ಬೆಳಕೂ ಕಡಿಮೆಯಾಗುತ್ತಿತ್ತು. ಅವನು ಹೇಳಿದ ಹಾಗೆಯೇ ಆಗುತ್ತಿದೆ ಎಂದು ಊರು ನೋಡಿತು. ಯಾರೂ ಅವನಿಗೆ ಅದನ್ನು ಹೇಳಲಿಲ್ಲ.

ಹನ್ನೆರಡನೆಯ ಸಂಜೆ ಓಬಳ ಕಣಿವೆಗೆ ಹೋಗಲಿಲ್ಲ. ಮೈಯಲ್ಲಿ ಜ್ವರ ಇತ್ತು ಎನ್ನುತ್ತಾರೆ. ಮನಸ್ಸಿರಲಿಲ್ಲ ಎಂದೂ ಹೇಳುತ್ತಾರೆ. ಗೋಡೆಗೆ ಒರಗಿ ಕೂತಿದ್ದ. ಮಾರೆಕ್ಕ ಎಲ್ಲಿಗೋ ಹೋಗಿದ್ದವಳು ಏದುಸಿರು ಬಿಡುತ್ತಾ ಬಂದು ಬಾಗಿಲಲ್ಲಿ ನಿಂತಳು.

"ಅಪ್ಪಾ, ಎರಡು" ಎಂದಳು.

ಅವಳು ಕಣಿವೆಗೆ ಹೋಗಿದ್ದಳು. ಚುಕ್ಕೆಯ ಜಾಗ ಖಾಲಿ ಬಿಡಬಾರದು ಎಂದು ತಾನೇ ಅಳೆಯಲು ಹೋಗಿದ್ದಳು.

ಓಬಳ ಹೊರಗೆ ಬಂದು ನೋಡಿದ. ಬುಧ ಮೇಲಿತ್ತು, ಮಂಕಾಗಿತ್ತು. ಅದರ ಕೆಳಗೆ, ನೆಲಕ್ಕೆ ಅಂಟಿಕೊಂಡು, ಇನ್ನೊಂದು ಬೆಳಕು. ಬಿಳಿ. ದಪ್ಪ. ನೋಡುತ್ತಿದ್ದ ಹಾಗೆ ನೆಲದೊಳಗೆ ಹೋಯಿತು. ಅದು ಬೆಳ್ಳಿ.

ಅವನು ಊರಿಗೆ ಹೇಳಲು ಹೋಗಲಿಲ್ಲ. ಮಗಳಿಗೆ ಬುತ್ತಿ ಕಟ್ಟು ಎಂದ. ಬೆಳಕು ಹರಿಯುವ ಮೊದಲೇ ಇಬ್ಬರೂ ಹೊರಟರು. ತಂಡ ಹೋಗಿ ಮೂರು ದಿನವಾಗಿತ್ತು. ಆದರೆ ಕತ್ತೆ, ಹೇರು, ಮಕ್ಕಳು. ದಿನಕ್ಕೆ ಮೂರು ಹರದಾರಿ ಹೋದರೆ ಹೆಚ್ಚು. ಇವರು ಎಂಟು ಹರದಾರಿ ನಡೆದರು.

ಮೊದಲ ದಿನ ಮಧ್ಯಾಹ್ನ ಅವಳು ಕೇಳಿದಳು. "ಬುಧ ಕಲ್ಲು. ಬೆಳ್ಳಿ ಕಲ್ಲು. ಮಂಗಳ ಕಲ್ಲು. ನಾವು ನಡೀತಿರೋದು?"

ಇದೂ ಕಲ್ಲೇ, ಮೇಲೆ ಸ್ವಲ್ಪ ಮಣ್ಣಿದೆ ಎಂದ ಓಬಳ.

"ಹಂಗಾದ್ರೆ ಬೆಳ್ಳಿ ಮೇಲೆ ನಿಂತು ನೋಡಿದ್ರೆ ಇದೂ ಹೊಳೀತತಾ?"

ಓಬಳ ನಿಂತುಬಿಟ್ಟನಂತೆ. ಹದಿನೈದು ವರ್ಷದಲ್ಲಿ ಅವನಿಗೆ ಅದು ಹೊಳೆದಿರಲಿಲ್ಲ. ಮತ್ತೆ ನಡೆಯತೊಡಗಿದ. ಒಂದು ಹಳ್ಳ ದಾಟಿದರು, ಒಂದು ಊರು ದಾಟಿದರು, ಊರಿನ ನಾಯಿಗಳು ಬೊಗಳಿ ಸುಮ್ಮನಾದವು. ಆಗ ಹೇಳಿದ. "ಹೊಳೀಬೇಕು. ಬಿಸಿಲು ಇದರ ಮೇಲೂ ಬೀಳ್ತತಲ್ಲ."

"ಅಲ್ಲಿ ಯಾರಾದ್ರೂ ಇದನ್ನ ನೋಡಿ ಮದುವಿ ನಿಲ್ಸಿರ್ತಾರಾ?"

ಓಬಳ ನಕ್ಕ. ಅವನು ನಕ್ಕದ್ದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ ಎನ್ನುತ್ತಾರೆ. ಮಗಳು ನೋಡಿದಳು. ಅಲ್ಲಿಂದ ಮುಂದೆ ಅವಳ ಪ್ರಶ್ನೆಗಳು ನಿಲ್ಲಲಿಲ್ಲ. ಬೆಳ್ಳಿಯ ಮೇಲೆ ಬಾವಿ ತೋಡಿದರೆ ನೀರು ಬರುತ್ತದೆಯೇ ಎಂದು ಕೇಳಿದಳು. ಮಂಗಳದ ತುಕ್ಕಿನಿಂದ ಉಳಿ ಮಾಡಬಹುದೇ ಎಂದು ಕೇಳಿದಳು. ಬುಧನಲ್ಲಿ ಕಲ್ಲು ಒಡೆಯುವವರು ಇದ್ದರೆ ಅಷ್ಟು ಬಿಸಿಲಲ್ಲಿ ಯಾವ ಹೊತ್ತಿನಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳಿದಳು. ಓಬಳ ಕೇಳಿಸಿಕೊಳ್ಳುತ್ತಾ ನಡೆದ. ಕಾಲು ನೋಯುವುದು ಇಬ್ಬರಿಗೂ ಮರೆತುಹೋಗಿತ್ತು.

ಎರಡನೆಯ ದಿನ ಸಂಜೆ, ಒಂದು ಹೊಳೆಯ ದಂಡೆಯಲ್ಲಿ, ತಂಡ ಸಿಕ್ಕಿತು. ಕತ್ತೆಗಳ ಹೇರು ಇಳಿಸುತ್ತಿದ್ದರು. ಹುಲುಗಪ್ಪ ಇವರನ್ನು ನೋಡಿ ಸೊಂಟದ ಮೇಲೆ ಕೈ ಇಟ್ಟ.

"ಏನ್ ಓಬಳಣ್ಣಾ, ಇವತ್ತು ಯಾವ ಕಲ್ಲು ಮೂಡ್ತು?"

ಬೆಳ್ಳಿ ಮೂಡಿದೆ ಎಂದ ಓಬಳ. ಮೊನ್ನೆ ಸಂಜೆ ಕಂಡಿದ್ದೇನೆ, ಬುಧನೂ ಇದೆ, ಎರಡೂ ಇವೆ, ನೋಡು ಎಂದು ಪಡುವಣಕ್ಕೆ ಕೈ ತೋರಿಸಿದ.

ಪಡುವಣದಲ್ಲಿ ಮೋಡ ಇತ್ತು.

ತಂಡದವರು ನಕ್ಕರು. ಒಬ್ಬ, ಮೋಡವೂ ಕಲ್ಲೇನಣ್ಣಾ ಎಂದು ಕೇಳಿದ. ಮಾರೆಕ್ಕನ ಕಾಲಲ್ಲಿ ರಕ್ತ ಬಂದಿತ್ತು. ಗಾಳೆಪ್ಪ ನೀರು ತಂದು ಅವಳ ಹತ್ತಿರ ಇಟ್ಟು ದೂರ ಹೋಗಿ ನಿಂತ. ಮೊನ್ನೆ ಎದುರು ಬಂದ ದಾರಿಹೋಕರು ಕೋಟೆಯಲ್ಲಿರುವ ಕಲ್ಲುಕುಟಿಗರ ಸುದ್ದಿ ತಂದಿದ್ದರು. ಅವರ ಯಜಮಾನನಿಗೆ ಮೂರು ಹೆಣ್ಣುಮಕ್ಕಳಂತೆ. ಹುಲುಗಪ್ಪ ಆ ಸುದ್ದಿಯನ್ನು ಎರಡು ಸಲ ಕೇಳಿಸಿಕೊಂಡಿದ್ದ.

ಕಾಯೋಣ ಎಂದು ಹುಲುಗಪ್ಪ ಹೇಳಿದ. ಇವತ್ತು ಕಂಡರೆ ಇವತ್ತೇ ಕಟ್ಟೋಣ. ಕಾಣದಿದ್ದರೆ ನಾಳೆ ಬೆಳಗ್ಗೆ ನಾನು ಹೊಳೆ ದಾಟುತ್ತೇನೆ, ನೀನು ಹಿಂದಕ್ಕೆ ಹೋಗು.

ಎಲ್ಲರೂ ಹೊಳೆಯ ದಂಡೆಯ ಮೇಲೆ ಪಡುವಣಕ್ಕೆ ಮುಖ ಮಾಡಿ ಕೂತರು. ಸೂರ್ಯ ಇಳಿದ. ಮೋಡದ ಅಂಚು ಕೆಂಪಾಯಿತು, ಆಮೇಲೆ ಬೂದಿಯಾಯಿತು. ಹೆಂಗಸರು ಒಲೆ ಹಚ್ಚುವುದನ್ನು ಬಿಟ್ಟು ನೋಡುತ್ತಿದ್ದರು. ಆಗ ಮೋಡ ಒಂದು ಕಡೆ ತೆಳುವಾಯಿತು. ತೆಳುವಾದ ಕಡೆ ಒಂದು ಬೆಳಕು ಕಂಡಿತು.

ಒಂದೇ ಬೆಳಕು.

"ಬಂತು!" ಎಂದು ಹುಡುಗರು ಕೂಗಿದರು. ಹೆಂಗಸರು ಸೋಬಾನೆಗೆ ಗಂಟಲು ಸರಿಮಾಡಿಕೊಂಡರು. ಹುಲುಗಪ್ಪ ಓಬಳನ ಕಡೆ ತಿರುಗಿದ. ಇದು ಬೆಳ್ಳಿಯೋ ಎಂದು ಕೇಳಿದ.

ಓಬಳ ಕೈ ಚಾಚಿ ಅಳೆದ. ಬೆರಳು ಎಣಿಸಿದ. ಈ ಎರಡು ದಿನದಲ್ಲಿ ಬುಧ ಇಳಿದಿರಬೇಕು, ಬೆಳ್ಳಿ ಸ್ವಲ್ಪ ಏರಿರಬೇಕು. ಎರಡೂ ಹತ್ತಿರ ಬಂದಿರಬೇಕು. ಒಂದು ಮೋಡದ ಹಿಂದೆ ಉಳಿದಿತ್ತು. ಹೊರಗೆ ಕಾಣುತ್ತಿದ್ದದ್ದೂ ತೆಳು ಮೋಡದೊಳಗೆ ಮಂಕಾಗಿತ್ತು. ಬಿಳಿಯೋ ಹಳದಿಯೋ ತಿಳಿಯುತ್ತಿರಲಿಲ್ಲ. ಹಾಸುಬಂಡೆ ಹದಿನೈದು ಹರದಾರಿ ಹಿಂದೆ ಇತ್ತು.

ಮಗಳು ಅವನನ್ನು ನೋಡುತ್ತಿದ್ದಳು. ಹೌದು ಎಂದರೆ ಆಯಿತು. ಹೌದು ಎಂದರೆ ಸುಳ್ಳೂ ಆಗದಿರಬಹುದು. ಅರ್ಧಕ್ಕರ್ಧ ಅದು ಬೆಳ್ಳಿಯೇ ಆಗಿರಬಹುದಿತ್ತು.

ಓಬಳ ಕೈ ಇಳಿಸಿದ.

"ಗೊತ್ತಿಲ್ಲ" ಎಂದ.

ಒಬ್ಬ ಮುದುಕ ಉಗುಳಿದ. ಮಗಳನ್ನು ಎರಡು ದಿನ ನಡೆಸಿಕೊಂಡು ಬಂದು ಗೊತ್ತಿಲ್ಲ ಎನ್ನುತ್ತಾನಲ್ಲ, ಇವನೂ ಒಬ್ಬ ಅಪ್ಪನೇ ಎಂದ. ಮಾರೆಕ್ಕ ಎದ್ದಳು. ಅಳುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಅವಳು ಅಪ್ಪನ ಪಕ್ಕಕ್ಕೆ ಹೋಗಿ ನಿಂತಳು. ತಾನೂ ಕೈ ಚಾಚಿ ಅಳೆದಳು. ಬೆರಳು ಎಣಿಸಿದಳು.

"ನನಗೂ ಗೊತ್ತಾಗ್ತಿಲ್ಲ" ಎಂದಳು.

ಹುಲುಗಪ್ಪ ಇಬ್ಬರನ್ನೂ ನೋಡಿದ. ಆಮೇಲೆ ತಂಡದವರ ಕಡೆ ತಿರುಗಿ ಒಂದು ಮಾತು ಹೇಳಿದ. ಅದನ್ನು ಅವನು ಅದಕ್ಕೆ ಮೊದಲು ಯಾರಿಗೂ ಹೇಳಿರಲಿಲ್ಲ. ಮೂಡಲ ಸೀಮೆಯಲ್ಲಿ ಮಂಟಪ ಕಟ್ಟುವಾಗ ಒಂದು ತೊಲೆಗಲ್ಲು ಬಂದಿತ್ತು. ತಟ್ಟಿ ನೋಡಿದ್ದ. ನಾದ ಸ್ವಲ್ಪ ಒಡೆದಿತ್ತು, ಅಥವಾ ಒಡೆದಿರಲಿಲ್ಲ. ಅವನಿಗೆ ಖಚಿತವಿರಲಿಲ್ಲ. ಕಟ್ಟಿಸುವವರು ಅವಸರ ಮಾಡುತ್ತಿದ್ದರು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಗಟ್ಟಿ ಇದೆ ಎಂದ. ಏರಿಸಿದರು. ಅದರ ಕೆಳಗೆ ಅವನ ತಮ್ಮ ಇದ್ದ.

"ಗೊತ್ತಿಲ್ಲ ಅನ್ನಾಕೆ ನನ್ನ ಕೈಲಿ ಆಗ್ಲಿಲ್ಲ" ಎಂದ ಹುಲುಗಪ್ಪ. "ಇವನ ಕೈಲಿ ಆತು. ಇವನ ಮಗಳ ಕೈಲೂ ಆತು. ಕೋಟೆ ಕಟ್ಟಾಕೆ ಹೊಂಟೀವಿ. ಮೂರು ವರ್ಷ ನಮ್ಮ ಮಕ್ಕಳ ತಲೆ ಮ್ಯಾಲೆ ಕಲ್ಲು ಏರಿಸ್ಬೇಕು. ತಟ್ಟಿ ನೋಡಾಕೆ ಇಂಥ ಕೈ ಬೇಕು ನನಗೆ."

ಬೆಳ್ಳಿ ಕಾಣದೆ ಹೇಗೆ ಎಂದು ಅದೇ ಮುದುಕ ಕೇಳಿದ.

"ಏನೋ ಒಂದು ಕಾಣ್ತತಲ್ಲ" ಎಂದ ಹುಲುಗಪ್ಪ. "ಊಟಕ್ಕೆ ಕೂರದವರು ಕೂರಬ್ಯಾಡ್ರಿ. ಮುದ್ದಿ ಉಳೀತತಿ."

ಚಪ್ಪರ ಇರಲಿಲ್ಲ, ಅಕ್ಕಿ ಇರಲಿಲ್ಲ. ಅಕ್ಷತೆಗೆ ಜೋಳ ಹಾಕಿದರು. ಹೊಳೆಯ ದಂಡೆಯ ಮೇಲೆ, ದಾರಿಯಲ್ಲಿಯೇ, ಪಡುವಣಕ್ಕೆ ಮುಖ ಮಾಡಿ, ಗಾಳೆಪ್ಪ ಮಾರೆಕ್ಕನಿಗೆ ತಾಳಿ ಕಟ್ಟಿದ. ಕಟ್ಟುವಾಗ ಮೋಡ ಪೂರ್ತಿ ಸರಿದು ಎರಡೂ ಕಲ್ಲುಗಳು ಅಕ್ಕಪಕ್ಕ ಕಂಡವು ಎಂದು ಕೆಲವರು ಹೇಳುತ್ತಾರೆ. ಇಲ್ಲ, ಇದ್ದ ಒಂದೂ ಮುಚ್ಚಿಹೋಯಿತು ಎಂದು ಕೆಲವರು ಹೇಳುತ್ತಾರೆ. ಆ ಸಂಜೆ ಕಂಡದ್ದು ಬುಧನೋ ಬೆಳ್ಳಿಯೋ ಎಂದು ಇಂದಿಗೂ ಯಾರಿಗೂ ತಿಳಿಯದು. ಊಟಕ್ಕೆ ಎಲ್ಲರೂ ಕೂತರು.

ಬೆಳಗ್ಗೆ ತಂಡ ಹೊಳೆ ದಾಟಿತು. ಓಬಳ ಈಚೆ ದಂಡೆಯಲ್ಲಿ ನಿಂತು ನೋಡಿದ. ಆಮೇಲೆ ಕಾರೇಬಂಡೆಗೆ ತಿರುಗಿ ನಡೆದ. ಮಗಳನ್ನು ಮತ್ತೆ ನೋಡಿದನೋ ಇಲ್ಲವೋ, ಅದನ್ನು ಹೇಳುವವರಿಲ್ಲ. ಮೂರು ವರ್ಷ ಎಂದ ಕೋಟೆ ಹನ್ನೊಂದು ವರ್ಷ ಹಿಡಿಯಿತು. ಆ ಕೋಟೆಯ ಒಂದು ತೊಲೆಯೂ ಬೀಳಲಿಲ್ಲ.

ಮಾರೆಕ್ಕನ ವಂಶದವರು ಈಗ ಏಳೆಂಟು ಊರುಗಳಲ್ಲಿ ಇದ್ದಾರೆ. ಅವರಲ್ಲಿ ಮದುವೆ ಸಂಜೆ ನಡೆಯುತ್ತದೆ, ಊರ ಹೊರಗಿನ ದಾರಿಯ ಮೇಲೆ. ಹೆಣ್ಣಿನ ಅಪ್ಪ ಪಡುವಣಕ್ಕೆ ಕೈ ಚಾಚಿ ನಿಲ್ಲುತ್ತಾನೆ. ಬೆಳ್ಳಿ ಮೂಡಿತೇ ಎಂದು ಗಂಡಿನ ಅಪ್ಪ ಕೇಳುತ್ತಾನೆ. ಆಕಾಶದಲ್ಲಿ ಏನು ಇದ್ದರೂ, ಏನು ಇಲ್ಲದಿದ್ದರೂ, ಹೆಣ್ಣಿನ ಅಪ್ಪ ಗೊತ್ತಿಲ್ಲ ಎನ್ನಬೇಕು. ಹೆಣ್ಣೂ ಗೊತ್ತಿಲ್ಲ ಎನ್ನಬೇಕು. ಆಮೇಲೆ ತಾಳಿ ಕಟ್ಟುತ್ತಾರೆ.